ಸಂದರ್ಶಕನ ತೃಪ್ತಿಯೂ ಕಾಡಿನ ಮೌನವೂ

ಕೊಟ್ಟ ಹಣಕ್ಕೆ ತಕ್ಕ ಸರಕು ದೊರೆತರೆ ಗಿರಾಕಿ ತೃಪ್ತನಾಗುತ್ತಾನೆ. ಇದು ವ್ಯಾಪಾರಿಗಳಾದ ನಾವು ದಿನವೂ ಕಾಣುವ ಸಂಗತಿ. ಆದರೆ ಅಭಯಾರಣ್ಯಕ್ಕೆ ಹೋದವನ ತೃಪ್ತಿಗೆ ಈ ತಕ್ಕಡಿ ಸಾಲದು.

ಕೆಲವು ವರ್ಷಗಳ ಹಿಂದೆ ಬಂಡೀಪುರದ ಸಫಾರಿಯಲ್ಲಿ ಆನೆಯ ಹಿಂಡು, ಕಾಟಿ, ಕಡವೆ, ಸೀಳುನಾಯಿಗಳು ನಮಗೆ ಕಾಣಿಸಿದವು. ಮರಳುವಾಗ ಸಹಪ್ರಯಾಣಿಕರೊಬ್ಬರು, 'ಹಣ ದಂಡವಾಯಿತು, ಏನೂ ಕಾಣಲಿಲ್ಲ' ಎಂದರು. ಹುಲಿ ಕಾಣಲಿಲ್ಲವೆಂಬುದೇ ಅವರ ಮಾತಿನ ತಾತ್ಪರ್ಯ. 1973ರಲ್ಲಿ ಹುಲಿ ಯೋಜನೆಗೆ ಮೊದಲು ಆಯ್ದ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. ಹುಲಿಯ ನಿಮಿತ್ತ ಇಡೀ ಕಾಡು ಉಳಿಯಬೇಕೆಂಬುದು ಯೋಜನೆಯ ಆಶಯ. ಪ್ರವಾಸಿಗಾದರೋ ಹುಲಿಯ ನಿಮಿತ್ತ ಉಳಿದ ಕಾಡೆಲ್ಲ ಮರೆಯಾಗುತ್ತದೆ. ಇದರ ಹೊಣೆ ಅವನೊಬ್ಬನದೇ ಎನ್ನಲಾಗದು. ಜಾಹೀರಾತುಗಳಲ್ಲೆಲ್ಲ ಹುಲಿಯ ಮುಖವೇ ಇರುತ್ತದೆ. ಕೊಡುವ ಭರವಸೆಯಿಲ್ಲದ ಸರಕನ್ನು ಅಂಗಡಿಯ ಮುಂದೆ ತೂಗುಹಾಕಿದರೆ ಗಿರಾಕಿ ಮುನಿಯುವುದು ಸಹಜ.

ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಬೇರೊಂದು ಬಗೆಯ ತೃಪ್ತಿಯನ್ನು ಕಂಡಿದ್ದೇನೆ. ಅಂಬಿಗನು ಮೆಲ್ಲಗೆ ಹುಟ್ಟು ಹಾಕುತ್ತ ಇದು ಬಣ್ಣದ ಕೊಕ್ಕರೆ, ಇದು ಬಾಯ್ಕಳಕ, ಬಂಡೆಯ ಮೇಲಿರುವುದು ಮೊಸಳೆ ಎಂದು ತೋರಿಸುತ್ತಾನೆ. ಗೂಡಿನಲ್ಲಿ ಮರಿಗೆ ಉಣಿಸುವ ತಾಯಿಯನ್ನು ಕಂಡು ಗದ್ದಲದ ಮಕ್ಕಳೂ ಸುಮ್ಮನಾಗುತ್ತಾರೆ. ಬಲ್ಲವರ ಮಾತು, ಅವಸರವಿಲ್ಲದ ಗತಿ, ಮಿತವಾದ ನಿರೀಕ್ಷೆ ಈ ಮೂರೂ ಕೂಡಿದಾಗ ಸಾಮಾನ್ಯ ಹಕ್ಕಿಯೂ ಅಪೂರ್ವವೆನಿಸುತ್ತದೆ.

ಇಲ್ಲಿ ಓದುಗರು ಮುಖ್ಯವಾದ ಒಂದಂಶವನ್ನು ಗಮನಿಸಬೇಕು. ವ್ಯಾಪಾರದಲ್ಲಿ ಕೊಡುವವನೂ ಕೊಳ್ಳುವವನೂ ಒಪ್ಪಿದರೆ ವ್ಯವಹಾರ ಮುಗಿಯಿತು. ಕಾಡಿನ ವ್ಯವಹಾರದಲ್ಲಿ ಮೂರನೆಯ ಪಾತ್ರವೊಂದಿದೆ, ಅದು ಪ್ರಾಣಿ. ಅದರ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ಹುಲಿ ಕಂಡಿತೆಂದು ಹತ್ತು ವಾಹನಗಳು ಅದನ್ನು ಸುತ್ತುವರಿದರೆ ಪ್ರವಾಸಿಯ ಸಂತೋಷದ ವೆಚ್ಚ ಆ ಜೀವದ ಖಾತೆಗೆ ಬೀಳುತ್ತದೆ. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹುಲಿ ಸಂರಕ್ಷಿತ ಪ್ರದೇಶಗಳ ಒಳವಲಯದಲ್ಲಿ ಪ್ರವಾಸೋದ್ಯಮವನ್ನು ಕೆಲಕಾಲ ತಡೆದಿತ್ತು. ಅದೇ ವರ್ಷ ಬಂದ ಮಾರ್ಗಸೂಚಿಯು ಪ್ರವಾಸಿಗರ ಸಂಚಾರವನ್ನು ಒಳವಲಯದ ಶೇ. 20ಕ್ಕೆ ಮಿತಗೊಳಿಸಿತು. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿವಿಹಾರವೂ ನಿಲ್ಲುತ್ತದೆ. ಇಂಥ ತಡೆಗಳನ್ನು ಕೊರತೆಯೆಂದು ಗೊಣಗುವುದು ತರವಲ್ಲ.

ಅನ್ಯಜೀವದ ನೆಮ್ಮದಿಯನ್ನು ಕೆಡಿಸಿ ಪಡೆದ ಸುಖವನ್ನು ಲಾಭವೆಂದು ಬರೆದುಕೊಳ್ಳಲು ಯಾವ ಪ್ರಾಮಾಣಿಕ ಲೆಕ್ಕಿಗನೂ ಒಪ್ಪನು. ಏನೂ ಕಾಣದೆ ಮರಳಿದರೂ, ಕಾಡು ತನ್ನ ಪಾಡಿಗೆ ತಾನಿದೆ ಎಂಬ ಅರಿವೇ ಸಂದರ್ಶಕನ ನಿಜವಾದ ಗಳಿಕೆ.