ಮಂತ್ರಾಲಯದ ಮೆಟ್ಟಿಲಿನಿಂದ ಕಡಲಿನವರೆಗೆ

ಆದವಾನಿಯ ಹತ್ತಿ ಮಾರುಕಟ್ಟೆಯನ್ನು ದಾಟಿ ಪೆದ್ದತುಂಬಳಂ, ಮಾಧವರಂ ಮಾರ್ಗವಾಗಿ ಸಾಗಿದರೆ ಮಂತ್ರಾಲಯದಲ್ಲಿ ತುಂಗಭದ್ರೆ ಎದುರಾಗುತ್ತಾಳೆ. ಮಳೆಗಾಗಿ ಮುಗಿಲು ನೋಡುವ ಈ ಸೀಮೆಯ ಮಕ್ಕಳಿಗೆ ಕಡಲೆಂಬುದು ಭೂಗೋಳದ ಪಾಠದಲ್ಲಿ ಕಾಣುವ ನೀಲಿ ಬಣ್ಣ ಮಾತ್ರ. ಆದರೆ ಈ ದಡದಿಂದ ಕಡಲಿಗೆ ನೇರ ಹಾದಿಯುಂಟು. ತುಂಗಭದ್ರೆ ಕರ್ನೂಲನ್ನು ದಾಟಿ ಕೃಷ್ಣೆಯನ್ನು ಕೂಡುತ್ತಾಳೆ; ಆ ನೀರು ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡಗಳನ್ನು ಹಾದು ಹಂಸಲದೀವಿಯ ಬಳಿ ಬಂಗಾಳಕೊಲ್ಲಿಯನ್ನು ಸೇರುತ್ತದೆ.

1671ರಲ್ಲಿ ರಾಘವೇಂದ್ರ ಸ್ವಾಮಿಗಳು ಬೃಂದಾವನ ಪ್ರವೇಶಿಸಿದಾಗ ಈ ಊರು ಮಂಚಾಲೆ ಎನಿಸಿತ್ತು. ಇಂದು ಆರಾಧನೆಯ ದಿನಗಳಲ್ಲಿ ಸ್ನಾನಘಟ್ಟದ ಮೆಟ್ಟಿಲುಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಗಳ ಸಂದಿಯಲ್ಲಿ ಉಳಿದದ್ದು ಕಣ್ಣಿಗೆ ಬೀಳುತ್ತದೆ: ಶಾಂಪೂ ಪೊಟ್ಟಣ, ನೀರಿನ ಬಾಟಲಿ, ಹೂವು ತಂದ ಕವರು, ಬಿಟ್ಟುಹೋದ ಬಟ್ಟೆ. ಇವೆಲ್ಲವೂ ಕಡಲನ್ನು ತಲುಪುವುದಿಲ್ಲ. ಹಲವು ಪೊದೆಗಳಿಗೆ ಸಿಕ್ಕಿಕೊಳ್ಳುತ್ತವೆ, ಹಲವು ಅಣೆಕಟ್ಟೆಗಳ ಹೂಳಿನಲ್ಲಿ ಹುದುಗುತ್ತವೆ. ಆದರೆ ಪ್ಲಾಸ್ಟಿಕ್ ಕೊಳೆಯುವ ವಸ್ತುವಲ್ಲ. ಬಿಸಿಲಿಗೆ ಬಿರಿದು ಐದು ಮಿಲಿಮೀಟರಿಗಿಂತ ಕಿರಿದಾದ ಚೂರಾಗುತ್ತದೆ. ಹಾಗಾದ ಮೇಲೆ ಅದನ್ನು ಆರಿಸುವ ಕೈ ಯಾವುದೂ ಇಲ್ಲ.

ಕಡಲತೀರದಲ್ಲಿ ಇದನ್ನು ಆರಿಸುವವರ ಕಥೆಯೊಂದು ಕೇಳತಕ್ಕದ್ದು. ಮುಂಬಯಿಯ ವರ್ಸೋವಾ ತೀರದಲ್ಲಿ 2015ರ ಅಕ್ಟೋಬರಿನಲ್ಲಿ ಅಫ್ರೋಜ್ ಶಾ ಎಂಬ ವಕೀಲರು ನೆರೆಮನೆಯ 84 ವರ್ಷದ ಹಿರಿಯರೊಬ್ಬರನ್ನು ಜೊತೆ ಮಾಡಿಕೊಂಡು ಕಸ ಎತ್ತತೊಡಗಿದರು. ಇಬ್ಬರಿದ್ದವರು ವಾರದಿಂದ ವಾರಕ್ಕೆ ಸಾವಿರಾರು ಮಂದಿಯಾದರು. 2016ರಲ್ಲಿ ವಿಶ್ವಸಂಸ್ಥೆಯ ಪರಿಸರ ಗೌರವ ಅವರಿಗೆ ಸಂದಿತು. 2018ರ ಮಾರ್ಚಿನಲ್ಲಿ, ಬಹುಕಾಲದ ಬಳಿಕ, ಆ ಮರಳಿನಿಂದ ಆಲಿವ್ ರಿಡ್ಲೆ ಆಮೆಮರಿಗಳು ಹೊರಟು ಅಲೆಗಳತ್ತ ತೆವಳಿದವು. ಆದರೂ ತೀರಕ್ಕೆ ಕಸ ಬರುವುದು ನಿಲ್ಲಲಿಲ್ಲ. ಆಗ ಸ್ವಯಂಸೇವಕರು ಅದು ಹೊರಡುವ ತಾಣವನ್ನು ಹುಡುಕಿ ನಗರದ ಮಿಥಿ ನದಿಗೂ ಇಳಿದರು. ಕಡಲಿನಿಂದ ಹೊರಟವರು ಕೊನೆಗೆ ನದಿಗೆ ಬಂದರು. ನಾವಾದರೋ ನದಿಯ ಮಗ್ಗುಲಲ್ಲಿಯೇ ಹುಟ್ಟಿದವರು.

ಕಾನೂನು ಸಾಲದೇ ಎಂದು ಕೇಳುವವರುಂಟು. ನನ್ನ ವೃತ್ತಿಯ ಅನುಭವದಿಂದ ಇಷ್ಟು ಹೇಳಬಲ್ಲೆ: 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಹೀರುಕೊಳವೆ ಮೊದಲಾದವುಗಳಿಗೆ ನಿಷೇಧವಿದೆ. ಆದರೆ ನೀರಿನ ಬಾಟಲಿ, ಶಾಂಪೂ ಪೊಟ್ಟಣಗಳು ಆ ಪಟ್ಟಿಯಲ್ಲಿಲ್ಲ. ಸಂವಿಧಾನದ 51ಎ(ಜಿ) ವಿಧಿಯು ಅರಣ್ಯ, ಸರೋವರ, ನದಿಗಳ ರಕ್ಷಣೆಯನ್ನು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ಸಾರುತ್ತದೆ. ಹಕ್ಕಿಗಾಗಿ ನ್ಯಾಯಾಲಯದ ಬಾಗಿಲು ತಟ್ಟಬಹುದು. ಕರ್ತವ್ಯವನ್ನು ಮಾತ್ರ ನಾವೇ ಎದ್ದು ಮಾಡಬೇಕು.

ಎಲ್‌ಎಲ್‌ಸಿ ಕಾಲುವೆಯಾಗಿ ನಮ್ಮ ಸೀಮೆಯ ಹೊಲಗಳಿಗೆ ಬರುವುದೂ ಇದೇ ತುಂಗಭದ್ರೆಯ ನೀರು. ಆದುದರಿಂದ ನಮ್ಮ ಕನ್ನಡ ಶಾಲೆಗಳ ಮಕ್ಕಳು ಮಂತ್ರಾಲಯಕ್ಕೆ ಪ್ರವಾಸ ಹೊರಟಾಗ ಬುತ್ತಿಯೊಡನೆ ಒಂದು ಗೋಣಿಚೀಲವನ್ನೂ ಒಯ್ಯಲಿ. ದರ್ಶನಾನಂತರ ಅರ್ಧ ತಾಸು ದಡದಲ್ಲಿ ಕಸ ಆರಿಸಲಿ. ಆರಿಸಿದ್ದನ್ನು ಸುಡದೆ ಪಂಚಾಯತಿಯ ಕಸದ ಬಂಡಿಗೆ ಒಪ್ಪಿಸಲಿ. ಸ್ನಾನಕ್ಕೆ ಇಳಿಯುವ ಹಿರಿಯರು ಶಾಂಪೂ, ಸಾಬೂನುಗಳನ್ನು ಮನೆಯಲ್ಲಿಯೇ ಬಿಟ್ಟು ಬರಲಿ. ಅಷ್ಟಾದರೆ, ಕಡಲನ್ನು ಎಂದೂ ಕಾಣದ ಮಗುವೂ ಕಡಲಿಗೆ ಉಪಕಾರ ಮಾಡಿದಂತಾಗುತ್ತದೆ.