ಅಪ್ಪ ಸಾಲ ಕೊಟ್ಟ ಮರಗಳು

ತಿಂಗಳ ಮೊದಲ ಶನಿವಾರ. ಬಿಟಿಎಂ ಲೇಔಟಿನ ನನ್ನ ಪಿ.ಜಿ. ಕೋಣೆಯಲ್ಲಿ ಕೂತು ಲೆಕ್ಕ ಬರೆಯುತ್ತಿದ್ದೆ. ಸಂಬಳ 32,000. ಪಿ.ಜಿ.ಗೆ 9,500, ಓದಿಗೆ ಮಾಡಿದ ಸಾಲದ ಕಂತು 7,800, ಊರಿಗೆ 5,000. ಉಳಿದ 9,700ರಲ್ಲಿ ಬಸ್ಸು, ಮಧ್ಯಾಹ್ನದ ಊಟ, ಮೊಬೈಲು, ಜ್ವರ ಬಂದರೆ ಮಾತ್ರೆ.

ತಮ್ಮನಿಗೆ ಬೆಂಗಳೂರಿನಲ್ಲೇ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಇಬ್ಬರೂ ಒಂದೇ ಮನೆಯಲ್ಲಿದ್ದರೆ ಖರ್ಚು ಕಡಿಮೆ ಎಂದು ಹುಡುಕುವಾಗ ಜಯನಗರ 9ನೇ ಬ್ಲಾಕಿನಲ್ಲಿ ಒಂದು ಪುಟ್ಟ ಮನೆ ಇದೆಯೆಂದು ಗೊತ್ತಾಯಿತು. ನಾವಿಬ್ಬರೂ ಆಡಿ ಬೆಳೆದ ಬೀದಿಯ ಪಕ್ಕದ ಬೀದಿ! ನೋಡಿಬರೋಣವೆಂದು ಹೊರಟೆ.

ಬೈರಸಂದ್ರ, ತಾವರೆಕೆರೆ, ಮಡಿವಾಳ, ಈ ಮೂರು ಹೆಸರುಗಳ ಮೊದಲ ಅಕ್ಷರ ಸೇರಿ ಬಿಟಿಎಂ ಆಯಿತು. ಇಲ್ಲಿಂದ ರಾಗಿಗುಡ್ಡಕ್ಕೆ ಹೋಗುವುದು ಈಗ ಸುಲಭ. 2025ರ ಆಗಸ್ಟ್‌ನಲ್ಲಿ ಮೆಟ್ರೊದ ಹಳದಿ ಮಾರ್ಗ ಶುರುವಾಯಿತಲ್ಲ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸುಮಾರು 19 ಕಿ.ಮೀ., 16 ನಿಲ್ದಾಣ. ಬಿಟಿಎಂನಲ್ಲಿ ಹತ್ತಿದರೆ ಮುಂದಿನದು ಜಯದೇವ, ಅದರಾಚೆ ರಾಗಿಗುಡ್ಡ. ಕಿಟಕಿಯಾಚೆ ನೋಡುತ್ತಿರುವಾಗಲೇ ಇಳಿಯುವ ಜಾಗ ಬಂತು.

ಚಿಕ್ಕವಳಿದ್ದಾಗ ನನಗೆ ಈ ಗುಡ್ಡವೇ ಹಿಮಾಲಯ. ಅದರ ಕಥೆಯನ್ನು ಅಮ್ಮ ಮೆಟ್ಟಿಲ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದಳು. ಸುಧರ್ಮ ಎಂಬ ಸೊಸೆ ರಾಶಿ ಹಾಕಿದ್ದ ರಾಗಿಯಿಂದ, ಬೇಡಿಬಂದ ಮೂವರಿಗೆ ಭಿಕ್ಷೆ ಕೊಡಲು ಹೋದಳಂತೆ. ಅತ್ತೆ ಅಡ್ಡ ಬಂದಳಂತೆ. ಕೊಡಲಾಗದ ರಾಗಿ ಕಲ್ಲಾಗಲಿ ಎಂದು ಸೊಸೆ ಬೇಡಿಕೊಂಡಾಗ ರಾಶಿಯೇ ಗುಡ್ಡವಾಯಿತಂತೆ. ಬಂದಿದ್ದವರು ತ್ರಿಮೂರ್ತಿಗಳು. ಗುಡ್ಡದ ಮೂರು ದೊಡ್ಡ ಬಂಡೆಗಳ ಮೇಲೆ ಇಂದೂ ಅವರ ಉಬ್ಬುಶಿಲ್ಪಗಳಿವೆ. ಮೇಲೆ ಪ್ರಸನ್ನ ಆಂಜನೇಯ. ಆಗ ನಾನು ಅತ್ತೆಯನ್ನು ಬೈದುಕೊಳ್ಳುತ್ತಿದ್ದೆ. ಈ ಸಲ ಕೈ ಮುಗಿಯುವಾಗ, ಪಾಪ, ಅವಳೂ ತಿಂಗಳ ಲೆಕ್ಕ ಹಾಕಿದ್ದಳೇನೋ ಅನ್ನಿಸಿತು.

ಮನೆ ಚೆನ್ನಾಗಿತ್ತು. ಒಂದು ಕೋಣೆ, ಅಡುಗೆಮನೆ, ಹಿಂದೆ ಒಗೆಯುವ ಕಲ್ಲು. ಬಾಡಿಗೆ 13,000. ‘ಅಡ್ವಾನ್ಸ್ ಹತ್ತು ತಿಂಗಳದು’ ಎಂದರು ಮಾಲೀಕರು. ಒಂದು ಲಕ್ಷದ ಮೂವತ್ತು ಸಾವಿರ! ನೋಡಿ ಹೇಳ್ತೀನಿ ಎಂದು ಹೊರಬಂದೆ. ಕೇಳಿದರೆ ಅಪ್ಪ ಹೇಗಾದರೂ ಹೊಂದಿಸುತ್ತಾರೆ. ಅದಕ್ಕೇ ಅವರಿಗೆ ಹೇಳಬಾರದು ಅಂದುಕೊಂಡೆ.

ಪಿ.ಜಿ.ಗೆ ಮರಳಲು ಮನಸ್ಸಾಗದೆ 4ನೇ ಬ್ಲಾಕಿನ ಕಡೆ ನಡೆದೆ. 1948ರಲ್ಲಿ, ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲು ಹಾಕಿದರು. ನಕ್ಷೆ ಬರೆದು, ಬ್ಲಾಕು ಬ್ಲಾಕಾಗಿ ಕಟ್ಟಿದ ಬಡಾವಣೆ ಇದು. ಅಡ್ಡರಸ್ತೆಗಳ ಇಕ್ಕೆಲದಲ್ಲಿ ಹೊಂಗೆ, ಮಳೆಮರ, ಆಕಾಶಮಲ್ಲಿಗೆ. ಬಿಸಿಲಲ್ಲೂ ನೆರಳಲ್ಲೇ ನಡೆಯಬಹುದು.

ಇದೇ ದಾರಿಯಲ್ಲಿ ನಮ್ಮ ಶನಿವಾರಗಳು ಕಳೆದವು. ಅಪ್ಪ 4ನೇ ಬ್ಲಾಕಿನ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಸಂಜೆ ಅಮ್ಮ ನಮ್ಮಿಬ್ಬರನ್ನು ಶಾಪಿಂಗ್ ಕಾಂಪ್ಲೆಕ್ಸ್‌ಗೆ ಕರೆತರುತ್ತಿದ್ದಳು. ಅಲ್ಲಿ ಕೆಂಡದ ಮೇಲೆ ಸುಟ್ಟು, ನಿಂಬೆಹೋಳಿನಿಂದ ಉಪ್ಪು-ಖಾರ ಸವರಿದ ಮುಸುಕಿನ ಜೋಳ. ಎರಡು ಜೋಳ, ಮುರಿದರೆ ನಾಲ್ಕು ತುಂಡು. ಅದನ್ನು ತಿನ್ನುತ್ತ ಮನೆಯವರೆಗೂ ನಡಿಗೆ, ಮರ ಎಣಿಸುವ ಆಟ. ಎಡಗಡೆಯ ಮರಗಳು ನನ್ನವು, ಬಲಗಡೆಯವು ತಮ್ಮನವು. ಕಡಿಮೆ ಬಿದ್ದವರು ಅಳುಮೋರೆ ಮಾಡಿದರೆ ಅಪ್ಪ, ‘ತಗೋ, ಎರಡು ಮರ ಸಾಲ. ಮುಂದಿನ ವಾರ ವಾಪಸ್ ಕೊಡು, ಬಡ್ಡಿ ಬೇಡ’ ಎನ್ನುತ್ತಿದ್ದರು. ಬಸ್ಸಿನಲ್ಲಿ ಹೋದರೆ ಮರ ಎಣಿಸೋಕಾಗಲ್ಲ ಎಂಬುದು ನಮ್ಮ ಮನೆಯ ವೇದವಾಕ್ಯವಾಗಿತ್ತು.

ಎಣಿಸುತ್ತಲೇ ನಡೆದೆ. ಕೆಲವು ಕಡೆ ಮರವಿದ್ದ ಜಾಗದಲ್ಲಿ ಬರಿ ಬುಡ. ಇಪ್ಪತ್ತಮೂರನೆಯ ಮರದ ಹತ್ತಿರ ಥಟ್ಟನೆ ನಿಂತೆ. ಇವತ್ತು ನಾನು ಆಟೊ ಹತ್ತದೆ ನಡೆಯುತ್ತಿರುವುದು ದುಡ್ಡು ಉಳಿಸಲು. ಹಾಗಾದರೆ ಆಗ?

ಕಾಂಪ್ಲೆಕ್ಸ್ ಮುಟ್ಟಿ ಅಪ್ಪನಿಗೆ ಫೋನ್ ಮಾಡಿದೆ. ‘ಅಪ್ಪಾ, ನಾವು ಯಾಕೆ ಯಾವಾಗಲೂ ನಡೆದೇ ಹೋಗ್ತಿದ್ವಿ?’

ಅಪ್ಪ ನಕ್ಕರು. ‘ನಾಲ್ಕು ಜನರ ಬಸ್ ದುಡ್ಡಿಗೇ ಎರಡು ಜೋಳ ಬರ್ತಿದ್ದಿದ್ದು, ಪುಟ್ಟಿ. ಎರಡೂ ಆಗ್ತಿರಲಿಲ್ಲ.’

ಗಂಟಲು ಕಟ್ಟಿತು. ಚಿಂತೆಯೇ ಇಲ್ಲದ ಕಾಲ ಎಂದು ನಾನು ಅಂದುಕೊಂಡಿದ್ದ ಆ ಸಂಜೆಗಳಲ್ಲಿ ಚಿಂತೆ ನಮ್ಮ ಜೊತೆಯಲ್ಲೇ, ಅಪ್ಪನ ಜೇಬಿನಲ್ಲಿ ನಡೆದು ಬರುತ್ತಿತ್ತು.

‘ಯಾಕೆ, ಏನಾಯ್ತು?’ ಎಂದರು. ಏನಿಲ್ಲ ಎಂದೆ. ಅಪ್ಪ ಬಿಡಲಿಲ್ಲ. ಮನೆಯ ವಿಷಯ, ಅಡ್ವಾನ್ಸು, ಸಾಲದ ಕಂತು, ಎಲ್ಲ ಹೇಳಿಬಿಟ್ಟೆ.

‘ಅಲ್ಲಮ್ಮ, ಆಗ ನೀವು ಮಕ್ಕಳು, ಅದಕ್ಕೆ ನಾನು ಮುಚ್ಚಿಟ್ಟೆ. ಈಗ ನಾನೇನು ಮಗುನಾ, ನೀನು ಮುಚ್ಚಿಡೋಕೆ? ಪೆನ್ನು ತಗೋ.’

ಕಾಂಪ್ಲೆಕ್ಸಿನ ಕಟ್ಟೆಯ ಮೇಲೆ ಕೂತು, ಫೋನಿನಲ್ಲೇ ಅಪ್ಪ-ಮಗಳು ಲೆಕ್ಕ ಹಾಕಿದೆವು. ಈ ಮನೆ ಬೇಡ. ತಮ್ಮ ಸದ್ಯಕ್ಕೆ ಹಾಸ್ಟೆಲ್ ಸೇರಲಿ. ಊರಿಗೆ ಕಳಿಸುವ 5,000 ಆರು ತಿಂಗಳು ಅಡ್ವಾನ್ಸಿಗೆಂದೇ ಬೇರೆ ಇಡಬೇಕು. ಆಮೇಲೆ ಬನಶಂಕರಿ ಕಡೆ ಕಡಿಮೆ ಅಡ್ವಾನ್ಸಿನ ಮನೆ ನೋಡುವುದು. ‘ಆ 5,000 ಇಲ್ದೆ ನಿಮಗೆ?’ ಎಂದೆ. ‘ತೆಂಗಿನಕಾಯಿ ಇದೆ. ಕಷ್ಟ ಆದ್ರೆ ಹೇಳ್ತೀನಿ. ಈಗಿಂದ ಇಬ್ಬರೂ ಹೇಳ್ಕೊಳ್ಳೋಣ’ ಎಂದರು.

ಫೋನ್ ಇಡುವ ಮುನ್ನ ಕೇಳಿದೆ. ‘ಅಪ್ಪಾ, ನನ್ನ ಮೇಲೆ ಎಷ್ಟು ಮರ ಸಾಲ ಇದೆ?’

‘ಲೆಕ್ಕ ಇಟ್ಟಿಲ್ಲಮ್ಮ. ಜೋಳ ತಿಂದೆಯಾ?’

ಇಲ್ಲ ಅಂದೆ. ಒಂದು ಜೋಳ ಕೊಂಡು, ಎರಡಾಗಿ ಮುರಿದು, ಅರ್ಧವನ್ನು ಅದರ ಸಿಪ್ಪೆಯಲ್ಲೇ ಸುತ್ತಿ ಪಿ.ಜಿ.ಯ ಗೆಳತಿಗೆಂದು ಚೀಲದಲ್ಲಿಟ್ಟುಕೊಂಡೆ. ಉಳಿದರ್ಧ ತಿನ್ನುತ್ತ ವಾಪಸ್ ನಡೆದೆ, ಈ ಸಲ ಬಲಗಡೆಯ ಮರಗಳನ್ನು ಎಣಿಸುತ್ತ.