ಅವ್ವನ ಸೀರೆಯ ಸೆರಗು

ಹೂವಿಲ್ಲ, ಬಳ್ಳಿಯಿಲ್ಲ, ನವಿಲೂ ಇಲ್ಲ. ಬರೀ ವೃತ್ತ, ಚೌಕ, ದಪ್ಪ ಗೆರೆ. ಇಂಥ ‘ಮಾಡರ್ನ್’ ಬಟ್ಟೆ ದೆಹಲಿಗೆ ಹೊಸದಲ್ಲ. ಶಾಂತಿನಿಕೇತನದಲ್ಲಿ ಓದಿ, ಫಿನ್‌ಲೆಂಡಿನಲ್ಲಿ ಕೆಲಸ ಮಾಡಿ ಬಂದ ರಿತೇನ್ ಮಜುಂದಾರರು ಬೆಡ್‌ಕವರುಗಳ ಮೇಲೆ ಮರದಚ್ಚಿನಿಂದ ಇಂಥ ಚಿತ್ರ ಮೂಡಿಸಿದರು. ಅಮೆರಿಕದ ಜಾನ್ ಬಿಸ್ಸೆಲ್ 1960ರಲ್ಲಿ ಇಲ್ಲಿ ಆರಂಭಿಸಿದ ಫ್ಯಾಬ್‌ಇಂಡಿಯಾ ಅವನ್ನು ಮಾರಿತು. ಅದು ಮೊದಲು ಬರೀ ರಫ್ತಿನ ವ್ಯಾಪಾರ. ಗ್ರೇಟರ್ ಕೈಲಾಶಿನ ಅಂಗಡಿ ತೆರೆದದ್ದು 1976ರಲ್ಲಿ. ಇದಕ್ಕೆಲ್ಲ ಮುಂಚೆ, 1952ರಲ್ಲೇ, ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾಗಿ ಕಸಬುದಾರರ ಬೆನ್ನಿಗೆ ನಿಂತ ಕಮಲಾದೇವಿ ಚಟ್ಟೋಪಾಧ್ಯಾಯರು ಮಂಗಳೂರಿನ ಮಗಳು. ಇದನ್ನು ಹೇಳದೆ ಮುಂದೆ ಹೋದರೆ ಕರಾವಳಿಯ ಮಿತ್ರರು ನನ್ನನ್ನು ಬಿಟ್ಟಾರೆಯೇ!

ಡಿಸೈನ್ ಓದುತ್ತಿರುವ ಮಗಳು ಈಚೆಗೆ ಮಜುಂದಾರರ ಬಟ್ಟೆಗಳ ಚಿತ್ರ ತೋರಿಸಿದಳು. ನಾನು ಟ್ರಂಕಿನಿಂದ ಅವ್ವನ ಇಳಕಲ್ ಸೀರೆ ತೆಗೆದು ಪಕ್ಕದಲ್ಲಿ ಹಾಸಿದೆ. ಕೆಂಪು ರೇಷ್ಮೆಯ ಸೆರಗು, ನಡುನಡುವೆ ಬಿಳಿ ಪಟ್ಟೆ. ಅದರಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ, ಬೆಟ್ಟದ ಸಾಲು, ಎಲ್ಲವೂ ಬರೀ ಕೋನಗಳಲ್ಲಿ. ಬಿ.ಎಸ್ಸಿ. ಓದಿದ ಕಣ್ಣಿಗೆ ಅದು ಗ್ರಾಫ್ ಕಾಗದದಂತೆಯೇ ಕಂಡಿತು. ಅಚ್ಚಿಗೆ ವೃತ್ತ ಸುಲಭ. ಮಗ್ಗದಲ್ಲಿ ಎಳೆ ಎಣಿಸಿ ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. ಇನ್ನೂ ಸೋಜಿಗವೆಂದರೆ, ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಒಂದರೊಳಗೊಂದು ಸಿಕ್ಕಿಸುತ್ತಾರೆ. ಎಷ್ಟು ಹುಡುಕಿದರೂ ಗಂಟು ಕಾಣದು.

ಮಜುಂದಾರರ ಪ್ರತಿಭೆಗೆ ನನ್ನ ನಮಸ್ಕಾರವಿದೆ. ಅವರ ಹೆಸರು ಪುಸ್ತಕದಲ್ಲಿದೆ. ಈ ಸೆರಗು ನೇಯ್ದವರ ಹೆಸರು ಅವ್ವನಿಗೂ ಗೊತ್ತಿರಲಿಲ್ಲ.

ಈಗ ಮನೆಯಲ್ಲಿ ವ್ಯಾಜ್ಯ. ಅವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ಸೀರೆಯ ಒಡಲು ಜಾಳಾಗಿದೆ, ಸೆರಗು ಗಟ್ಟಿಯಾಗಿದೆ. “ಸೆರಗಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕೋಣ ಅಪ್ಪಾ” ಎನ್ನುತ್ತಾಳೆ ಮಗಳು. ನನ್ನ ಹೆಂಡತಿಗೆ ಇದು ಸರಿಬರಲಿಲ್ಲ. “ಅತ್ತಿಯವರು ಉಟ್ಟ ಸೀರಿ ಗ್ವಾಡಿಗ್ಯಾಕ? ಕೌದಿ ಹೊಲಿಸಿ ಹೊಚ್ಚಿಕೊಳ್ಳೂಣು.” ಹಳೆಯ ಸೀರೆ ಕೌದಿಯಾಗುವುದು ನಮ್ಮ ಹುನಗುಂದದ ಕಡೆಯ ರೂಢಿ. ತುಂಡಿಗೆ ತುಂಡು ಜೋಡಿಸಿ ಉದ್ದಕ್ಕೂ ಹೊಲಿಗೆ ಹಾಕಿದ ಕೌದಿ, ಯಾವ ಮಾಡರ್ನ್ ಬೆಡ್‌ಕವರಿಗೂ ಕಡಿಮೆಯಿಲ್ಲವೆಂದು ನನ್ನ ಮತ. ಆದರೆ ಸೆರಗಿಗೆ ಕತ್ತರಿ ಹಾಕಲು ಮನಸ್ಸಾಗುತ್ತಿಲ್ಲ. ಕೊಂಡಿಯ ಜಾಗದಿಂದ ಒಂದು ಗೇಣು ಬಿಟ್ಟು ಸೆರಗನ್ನು ಮಗಳಿಗೆ, ಉಳಿದ ಒಡಲನ್ನು ಕೌದಿಗೆ ಎಂದು ಸದ್ಯ ಮಾತಾಗಿದೆ.

ಕೈಯಿಂದ ಕೌದಿ ಹೊಲಿಯಬಲ್ಲ ತಾಯಂದಿರು ದೆಹಲಿಯಲ್ಲೋ ನೋಯ್ಡಾದಲ್ಲೋ ಇದ್ದರೆ, ದಯವಿಟ್ಟು ಸಂಘದ ಕಚೇರಿಗೆ ತಿಳಿಸಬೇಕು. ಚಳಿಗಾಲಕ್ಕೆ ಮುಂಚೆಯಾದರೆ ಒಳ್ಳೆಯದು.